ಒಂಟಿತನ ಮತ್ತು ಏಕಾಂತ: ಮುಂಬಯಿ ಕನ್ನಡ ಕಥನವನ್ನು ವಿದ್ಯಾರ್ಥಿಗಳೊಡನೆ ಓದಿದಾಗ

ಹೊಸಗನ್ನಡ ಕಥನ ಸಾಹಿತ್ಯದಲ್ಲಿ ಒಂಟಿತನದ ಪ್ರಸ್ತಾಪ ಬಂದಾಗಲೆಲ್ಲ ನಮ್ಮ ವಿಮರ್ಶೆ ಒಂದು ಸಿದ್ಧ ಪರಿಭಾಷೆಯ ಮೊರೆಹೋಗುತ್ತದೆ. ಅನಾಥಪ್ರಜ್ಞೆ, ಪರಕೀಯತೆ, ಅಸ್ತಿತ್ವದ ತಳಮಳ ಮೊದಲಾದ ಈ ಪದಗಳು ನವ್ಯದ ಕಾಲದಲ್ಲಿ ರೂಢಿಗೆ ಬಂದವು. ಶಾಂತಿನಾಥ ದೇಸಾಯಿಯವರ ‘ಮುಕ್ತಿ’ (1961), ಪೂರ್ಣಚಂದ್ರ ತೇಜಸ್ವಿಯವರ ‘ಸ್ವರೂಪ’ (1966), ಲಂಕೇಶರ ‘ಬಿರುಕು’ (1967) ಇಂಥ ಕೃತಿಗಳನ್ನು ಅರ್ಥೈಸಲು ಆಗ ಅವು ಬೇಕಾಗಿದ್ದವು ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅಗತ್ಯಕ್ಕೆ ಹುಟ್ಟಿದ ಪರಿಭಾಷೆ ಅಭ್ಯಾಸವಾದಾಗ ಕೃತಿಯನ್ನು ತೋರಿಸುವ ಬದಲು ಮುಚ್ಚತೊಡಗುತ್ತದೆ. ಮುಂಬಯಿಯನ್ನು ಕುರಿತ ಕನ್ನಡ ಕಥನದ ವಿಷಯದಲ್ಲಿ ಹೀಗಾಗಿದೆಯೆಂಬುದು ನಮ್ಮ ಶಂಕೆ. ಮಹಾನಗರದಲ್ಲಿ ಯಾರಿಗೆ ಯಾರೂ ಗೊತ್ತಿಲ್ಲ, ಆದ್ದರಿಂದ ವ್ಯಕ್ತಿ ಒಂಟಿಯಾಗುತ್ತಾನೆ ಎಂಬ ಸೂತ್ರವನ್ನು ನಾವು ಪರೀಕ್ಷಿಸದೆ ಒಪ್ಪಿಕೊಂಡುಬಿಟ್ಟಿದ್ದೇವೆ.

ಈ ಶಂಕೆಗೆ ಕಾರಣರಾದವರು ವಿಮರ್ಶಕರಲ್ಲ, ವಿದ್ಯಾರ್ಥಿಗಳು. ಮುಂಬಯಿಯ ಉಪನಗರವೊಂದರಲ್ಲಿ ಕನ್ನಡ ಸ್ನಾತಕೋತ್ತರ ಅಧ್ಯಯನಕ್ಕೆ ತೊಡಗಿದ್ದ ಎಂಟು ಹತ್ತು ಮಂದಿಯೊಡನೆ ಕೆಲವು ಭಾನುವಾರಗಳ ಮಟ್ಟಿಗೆ ಕುಳಿತು ಓದುವ ಅವಕಾಶ ನಮಗೆ ದೊರೆಯಿತು. ಹೊರನಾಡಿನ ಕನ್ನಡ ತರಗತಿಗಳನ್ನು ಕಂಡವರಿಗೆ ಇವರ ಚಿತ್ರ ಅಪರಿಚಿತವಲ್ಲ. ಹೆಚ್ಚಿನವರು ಮೂವತ್ತು ದಾಟಿದವರು. ಹಗಲು ದುಡಿದು ರಜೆಯ ದಿನ ಓದುವವರು. ಒಬ್ಬರು ಹೋಟೆಲಿನ ಗಲ್ಲಾದಲ್ಲಿ ಕೂರುವವರು, ಒಬ್ಬರು ಪ್ರಾಥಮಿಕ ಶಾಲೆಯ ಅಧ್ಯಾಪಕಿ, ಇನ್ನೊಬ್ಬರು ಡೊಂಬಿವಿಲಿಯಿಂದ ಬರುತ್ತಿದ್ದ ಗೃಹಿಣಿ. ಮನೆಯಲ್ಲಿ ತುಳು ಅಥವಾ ಕೊಂಕಣಿ, ಬೀದಿಯಲ್ಲಿ ಹಿಂದಿ, ಕಚೇರಿಯಲ್ಲಿ ಮರಾಠಿ, ಓದು ಬರಹಕ್ಕೆ ಮಾತ್ರ ಕನ್ನಡ. ಯಶವಂತ ಚಿತ್ತಾಲ ಮತ್ತು ಜಯಂತ ಕಾಯ್ಕಿಣಿಯವರ ಕೃತಿಗಳನ್ನು ಓದಿ, ಒಂಟಿತನವನ್ನು ಕುರಿತು ಎರಡು ಪುಟ ಬರೆದುಕೊಂಡು ಬನ್ನಿರೆಂದು ನಾವು ಕೇಳಿದ್ದೆವು. ಇದನ್ನು ಸಮೀಕ್ಷೆಯೆಂದು ಯಾರೂ ಭಾವಿಸಬಾರದು. ಕೆಲವು ಓದುಗರ ಮಾತುಗಳಿಂದ ನಮ್ಮ ಓದು ಎಲ್ಲಿ ತಪ್ಪಿತ್ತು ಎಂಬುದಷ್ಟೇ ಇಲ್ಲಿಯ ವಿಷಯ.

ಮೊದಲ ಭಾನುವಾರವೇ ಪದದ ಮೇಲೆ ಜಗಳವಾಯಿತು. ನಾವು ‘ಒಂಟಿತನ’ ಎಂದೆವು. ಹೋಟೆಲಿನವರು, ಅದು ತಮಗೆ ಪರಿಚಯವಿಲ್ಲದ ವಸ್ತು ಎಂದರು. ಹದಿನಾರನೆಯ ವಯಸ್ಸಿನಲ್ಲಿ ಮಾಣಿಯಾಗಿ ಮುಂಬಯಿಗೆ ಬಂದಂದಿನಿಂದ ಒಂದು ರಾತ್ರಿಯೂ ಅವರು ಒಬ್ಬರೇ ಮಲಗಿದವರಲ್ಲ. ಬಾಗಿಲು ಎಳೆದ ಮೇಲೆ ಮೇಜುಗಳನ್ನು ಕೂಡಿಸಿ ಅದರ ಮೇಲೆ ಸಾಲಾಗಿ ಮಲಗುವುದು. ಆಮೇಲೆ ಚಾಳಿನ ಖೋಲಿಯಲ್ಲಿ ಪಾಳಿಯ ಪ್ರಕಾರ ಏಳೆಂಟು ಜನ. ಮದುವೆಯಾದ ಮೇಲೆ ಅದೇ ಅಳತೆಯ ಖೋಲಿಯಲ್ಲಿ ತಮ್ಮಂದಿರೂ ಸೇರಿದ ಸಂಸಾರ. ತಮಗೆ ಇಲ್ಲದ್ದು ಜನರಲ್ಲ, ಏಕಾಂತ ಎಂಬುದು ಅವರ ಮಾತಿನ ಸಾರ.

ಕನ್ನಡದಲ್ಲಿ ಈ ಎರಡು ಪದಗಳ ನಡುವಿನ ಅಂತರ ಹಳೆಯದು. ‘ಏಕಾಂತ’ಕ್ಕೆ ಗೌರವದ ಸ್ಥಾನವಿದೆ, ಹನ್ನೆರಡನೆಯ ಶತಮಾನದ ಅಬ್ಬಲೂರಿನ ಏಕಾಂತದ ರಾಮಯ್ಯನ ಹೆಸರಿನಲ್ಲಿಯೇ ಅದು ನಿಷ್ಠೆಯ ಬಿರುದಾಗಿ ನಿಂತಿದೆ. ‘ಒಂಟಿ’ಯಾದರೋ ಗುಂಪಿನಿಂದ ಹೊರಬಿದ್ದುದು. ಒಂಟಿ ಸಲಗವನ್ನು ಕಂಡರೆ ಊರು ಹೆದರುತ್ತದೆ, ಒಂಟಿ ಹೆಂಗಸನ್ನು ಕಂಡರೆ ಮಾತಾಡಿಕೊಳ್ಳುತ್ತದೆ. ಇವೆರಡರ ಜೊತೆಗೆ ಇನ್ನೊಂದು ಪದವನ್ನೂ ನೆನೆಯಬೇಕು: ‘ಪರದೇಶಿ’. ಬೇರೆ ನಾಡಿನವನು ಎಂಬ ಅರ್ಥದ ಈ ಪದ ಕನ್ನಡದ ಆಡುನುಡಿಯಲ್ಲಿ ದಿಕ್ಕಿಲ್ಲದವನು, ತಬ್ಬಲಿ ಎಂಬ ಅರ್ಥಕ್ಕೆ ತಿರುಗಿದೆ. ಊರು ಬಿಟ್ಟವನು ಅನಾಥನೇ ಎಂಬ ನಂಬಿಕೆ ನಮ್ಮ ಭಾಷೆಯಲ್ಲಿಯೇ ಅಡಗಿರುವಾಗ, ಪಾಶ್ಚಾತ್ಯ ಅಸ್ತಿತ್ವವಾದದ ‘ಪರಕೀಯತೆ’ ನಮಗೆ ಅಷ್ಟು ಬೇಗ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ‘ಪರದೇಶಿ’ ಎಂಬ ಪದಕ್ಕೆ ಅದು ಹೊಸ ಪೋಷಾಕು ತೊಡಿಸಿತು.

ಈ ಹಿನ್ನೆಲೆಯಲ್ಲಿ ಚಿತ್ತಾಲರ ‘ಶಿಕಾರಿ’ (1979)ಯನ್ನು ಮತ್ತೆ ನೋಡುವುದು ಉಚಿತ. ಕರ್ನಾಟಕದ ಹೊರಗಿನ ಸಂಶೋಧಕರ ಅನುಕೂಲಕ್ಕಾಗಿ ಒಂದೆರಡು ಸಂಗತಿ ಹೇಳಬೇಕು. ಚಿತ್ತಾಲರು (1928–2014) ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನ ಹನೇಹಳ್ಳಿಯವರು. ಈ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯಕ್ಕೆ ಸೇರಿತ್ತು. ಅಲ್ಲಿಯ ಹುಡುಗರಿಗೆ ಮುಂಬಯಿ ಪರದೇಶವಲ್ಲ, ತಮ್ಮದೇ ರಾಜಧಾನಿ. ಚಿತ್ತಾಲರು ರಾಸಾಯನಿಕ ಉದ್ದಿಮೆಯಲ್ಲಿ ತಂತ್ರಜ್ಞರಾಗಿ ಮುಂಬಯಿಯಲ್ಲಿಯೇ ಬಾಳಿ, ಹನೇಹಳ್ಳಿಯ ಕಥೆಗಳನ್ನೂ ಮುಂಬಯಿಯ ಕಾದಂಬರಿಗಳನ್ನೂ ಅಲ್ಲಿಂದಲೇ ಬರೆದರು. ‘ಕಥೆಯಾದಳು ಹುಡುಗಿ’ ಸಂಕಲನಕ್ಕೆ 1983ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು.

‘ಶಿಕಾರಿ’ಯ ನಾಯಕ ನಾಗಪ್ಪ ದೊಡ್ಡ ಸಂಸ್ಥೆಯೊಂದರ ಮೇಲ್ದರ್ಜೆಯ ಅಧಿಕಾರಿ. ಆರೋಪವೇನೆಂಬುದು ತಿಳಿಯದೆ ಅವನು ಕೆಲಸದಿಂದ ದೂರ ನಿಲ್ಲಬೇಕಾಗುತ್ತದೆ. ಯಾರು, ಏಕೆ, ಯಾವುದಕ್ಕಾಗಿ ಎಂಬ ಹುಡುಕಾಟವೇ ಕಾದಂಬರಿಯ ದೇಹ. ಕಾಫ್ಕನ ‘ದಿ ಟ್ರಯಲ್’ (1925) ನೆನಪಾಗುವುದು ಸಹಜ. ಈ ಹೋಲಿಕೆಯನ್ನು ಮಾಡದ ವಿಮರ್ಶಕರು ಕಡಮೆ. ನಾವೂ ಬಹುಕಾಲ ತರಗತಿಯಲ್ಲಿ ಹಾಗೆಯೇ ಪಾಠ ಹೇಳಿದ್ದೇವೆ: ಮುಖವಿಲ್ಲದ ವ್ಯವಸ್ಥೆ, ಅದರೆದುರು ಒಂಟಿ ಮನುಷ್ಯ.

ಹೋಟೆಲಿನವರು ತಂದ ಎರಡು ಪುಟಗಳಲ್ಲಿ ವ್ಯವಸ್ಥೆಯ ಮಾತೇ ಇರಲಿಲ್ಲ. ಅವರು ಬರೆದದ್ದು ಶ್ರೀನಿವಾಸನ ಬಗ್ಗೆ. ಕಾದಂಬರಿಯನ್ನು ಓದಿದವರಿಗೆ ನೆನಪಿರಬಹುದು: ನಾಗಪ್ಪನನ್ನು ಬೇಟೆಯಾಡುವವರಲ್ಲಿ ಫಿರೋಜ್ ಬಂದೂಕವಾಲಾ ಕಚೇರಿಯ ಶತ್ರು, ಶ್ರೀನಿವಾಸನಾದರೋ ಊರಿನ ಕಡೆಯವನು, ನಾಗಪ್ಪನ ಹಿಂದಣ ಬದುಕನ್ನು ಬಲ್ಲವನು. ಬಂದೂಕವಾಲಾನಿಗೆ ಹೆಸರಿನಲ್ಲಿ ಮಾತ್ರ ಬಂದೂಕು, ಗುಂಡು ಇರುವುದು ಊರಿನವನ ಕೈಯಲ್ಲಿ ಎಂದು ಆ ವಿದ್ಯಾರ್ಥಿ ಬರೆದಿದ್ದರು. ಈ ಒಂದು ಮಾತಿಗಾಗಿ ನಾವು ಕಾದಂಬರಿಯನ್ನು ಮರಳಿ ಓದಬೇಕಾಯಿತು.

ಮರಳಿ ಓದಿದಾಗ ಕಂಡದ್ದಿಷ್ಟು. ನಾಗಪ್ಪನ ಭಯ ತನ್ನನ್ನು ಯಾರೂ ಅರಿಯರು ಎಂಬುದಲ್ಲ; ತನ್ನನ್ನು ಯಾರೋ ಅರಿತಿದ್ದಾರೆ ಎಂಬುದು. ಅವನ ಬಾಲ್ಯದಲ್ಲಿ ಸಾವುಗಳಿವೆ, ಮುರಿದ ಮನೆಯಿದೆ, ಜನ ಪಿಸುಗುಟ್ಟಿಕೊಳ್ಳಬಹುದಾದ ಸಂಗತಿಗಳಿವೆ. ಮುಂಬಯಿಯ ಜನಸಂದಣಿಯಲ್ಲಿ ಅವನು ಇವನ್ನೆಲ್ಲ ಇಳಿಸಿಬಂದೆನೆಂದು ತಿಳಿದಿದ್ದಾನೆ. ಅಂದರೆ ಈ ನಗರ ಅವನಿಗೆ ಮೊದಲು ಕೊಟ್ಟದ್ದು ಅನಾಮಿಕತೆಯ ಶಿಕ್ಷೆಯನ್ನಲ್ಲ, ಅದರ ಉಪಕಾರವನ್ನು. ಬೇಟೆ ಆರಂಭವಾಗುವುದು ಆ ಉಪಕಾರ ಕಳಚಿಬಿದ್ದಾಗ, ಊರಿನ ಕಣ್ಣು ಖೋಲಿಯವರೆಗೆ ಬಂದಾಗ. ಶಿಕಾರಿಗೆ ಪ್ರಾಣಿಯ ಜಾಡು ಗೊತ್ತಿರಬೇಕು. ಜಾಡು ಊರಿನಿಂದ ಬರುತ್ತದೆ. ಕಾಫ್ಕನ ಜೋಸೆಫ್ ಕೆ.ಗೆ ಊರೆಂಬುದು ಇದ್ದಂತೆ ಕಾಣುವುದೇ ಇಲ್ಲ. ಅವನ ನ್ಯಾಯಾಲಯಕ್ಕೆ ಅವನ ಅಜ್ಜ ಯಾರೆಂಬುದು ಬೇಕಾಗಿಲ್ಲ. ಚಿತ್ತಾಲರ ಕಾದಂಬರಿಯಲ್ಲಿ ಅದೇ ಮುಖ್ಯ. ಈ ವ್ಯತ್ಯಾಸವನ್ನು ಹೋಲಿಕೆಯ ಉತ್ಸಾಹದಲ್ಲಿ ನಾವು ಮರೆತೆವು.

ಮುಂಬಯಿಯ ಕನ್ನಡಿಗರ ಬದುಕಿನ ವ್ಯವಸ್ಥೆಯನ್ನು ಬಲ್ಲವರಿಗೆ ಈ ಓದು ಏಕೆ ತಟ್ಟನೆ ಹೊಳೆಯಿತೆಂಬುದು ಅರ್ಥವಾಗುತ್ತದೆ. ಕರಾವಳಿಯಿಂದ ಬಂದ ಹುಡುಗನನ್ನು ಹೋಟೆಲಿಗೆ ಸೇರಿಸುವವರು ಊರಿನವರು. ರಾತ್ರಿಶಾಲೆಗೆ ಕಳಿಸುವವರು, ಹೆಣ್ಣು ನೋಡುವವರು, ಸತ್ತರೆ ಹೊರುವವರು ಅವರೇ. ಜಾತಿ ಸಂಘ, ಯಕ್ಷಗಾನ ಮಂಡಳಿ, ಭಜನಾ ಮಂಡಳಿ, ಎಲ್ಲದರಲ್ಲಿಯೂ ಊರು ಕೂಡಿರುತ್ತದೆ. ಕೊಂಕಣ ರೈಲು 1998ರಲ್ಲಿ ಪೂರ್ತಿಯಾಗುವವರೆಗೆ ಊರಿಗೆ ಹೋಗುವುದೆಂದರೆ ಬಸ್ಸಿನಲ್ಲಿ ಹಗಲಿರುಳಿನ ಪ್ರಯಾಣ. ಆದರೂ ಸುದ್ದಿ ಮಾತ್ರ ಬಸ್ಸಿಗಿಂತ ಮೊದಲೇ ತಲುಪುತ್ತಿತ್ತು ಎಂದು ಒಬ್ಬರು ನಗುತ್ತ ಹೇಳಿದರು. ಈ ಆಶ್ರಯವಿಲ್ಲದಿದ್ದರೆ ಎಷ್ಟೋ ಜನ ಬದುಕಿ ಉಳಿಯುತ್ತಿರಲಿಲ್ಲ. ಆ ಆಶ್ರಯವೇ ಕಾವಲೂ ಆಗಿದೆ ಎಂಬುದನ್ನು ಹೇಳಲು ಕನ್ನಡ ಕಾದಂಬರಿ ಬೇಕಾಯಿತು. ‘ಛೇದ’ (1985), ‘ಪುರುಷೋತ್ತಮ’ (1990) ಕಾದಂಬರಿಗಳನ್ನೂ ಈ ದೃಷ್ಟಿಯಿಂದ ಪರಿಶೀಲಿಸಬಹುದು. ಇಲ್ಲಿ ಅದಕ್ಕೆ ತೊಡಗುವುದಿಲ್ಲ.

ಅರಿಯಲ್ಪಡುವ ಭಯ ಕನ್ನಡದ್ದು ಮಾತ್ರವಲ್ಲ. ಮುಂಬಯಿಯ ಮರಾಠಿ ಕಥೆಗಾರ ಬಾಬುರಾವ್ ಬಾಗುಲರ 1963ರ ಸಂಕಲನದ ಹೆಸರೇ ಜಾತಿಯನ್ನು ಮರೆಮಾಚಿದ ಗಳಿಗೆಯನ್ನು ಹೇಳುತ್ತದೆ. ಅಲ್ಲಿಯ ದಲಿತ ನಿರೂಪಕನಿಗೆ ಪರಊರಿನಲ್ಲಿ ಬಾಡಿಗೆಯ ಕೋಣೆ ಸಿಗುವುದು ಅವನು ಯಾರೆಂಬುದು ಗೊತ್ತಾಗದಿರುವವರೆಗೆ. ಗೊತ್ತಾದ ಮೇಲೆ ಹೊಡೆತ. ನಾಗಪ್ಪನ ಭಯವನ್ನು ಇದರ ಪಕ್ಕದಲ್ಲಿಟ್ಟಾಗ ಅದು ಸವರ್ಣ ಮಧ್ಯಮವರ್ಗದವನ ಭಯವಾಗಿ, ಸ್ವಲ್ಪ ಹಗುರಾಗಿ ಕಾಣುತ್ತದೆ ಎಂಬುದನ್ನೂ ಒಪ್ಪಬೇಕು. ಆದರೆ ಎರಡು ಭಾಷೆಗಳ ಕಥನ ಬೇರೆ ಬೇರೆ ಮೆಟ್ಟಿಲುಗಳಲ್ಲಿ ನಿಂತು ಒಂದೇ ಬಾಗಿಲನ್ನು ನೋಡುತ್ತಿವೆ. ತೌಲನಿಕ ಅಧ್ಯಯನದಲ್ಲಿ ಆಸಕ್ತರಾದವರು ಕಾಫ್ಕನನ್ನು ಕೊಂಚ ಬದಿಗಿಟ್ಟು ಬಾಗುಲರೊಡನೆ ಚಿತ್ತಾಲರನ್ನು ಓದಿದರೆ ಹೆಚ್ಚು ದಕ್ಕೀತೆಂದು ನಮಗೆ ತೋರುತ್ತದೆ.

ಕಾಯ್ಕಿಣಿಯವರ (ಜನನ 1955) ಕಥೆಗಳಿಗೆ ಬಂದಾಗ ತರಗತಿ ಎರಡಾಯಿತು. ಇವರೂ ಕುಮಟಾ ತಾಲ್ಲೂಕಿನವರೇ, ಗೋಕರ್ಣದವರು. ಜೀವರಸಾಯನ ಶಾಸ್ತ್ರ ಓದಿ ಮುಂಬಯಿಯ ಔಷಧ ಉದ್ದಿಮೆಯಲ್ಲಿ ದುಡಿದವರು. ಎರಡು ದಶಕಕ್ಕೂ ಹೆಚ್ಚು ಕಾಲ ಅಲ್ಲಿದ್ದು ಆಮೇಲೆ ಬೆಂಗಳೂರಿಗೆ ಬಂದರು. ‘ದಗಡೂ ಪರಬನ ಅಶ್ವಮೇಧ’ (1989), ‘ಅಮೃತಬಳ್ಳಿ ಕಷಾಯ’ (1996), ‘ತೂಫಾನ್ ಮೇಲ್’ (2005) ಸಂಕಲನಗಳು ಪರಿಚಿತವಾದವು. ಕನ್ನಡ ಬಾರದ ಓದುಗರಿಗೆ ತೇಜಸ್ವಿನಿ ನಿರಂಜನರು ಮುಂಬಯಿಯ ಕಥೆಗಳನ್ನು ಆಯ್ದು ಮಾಡಿದ ಇಂಗ್ಲಿಷ್ ಅನುವಾದ ‘ನೋ ಪ್ರೆಸೆಂಟ್ಸ್ ಪ್ಲೀಸ್’ (2017) ಇದೆ. ದಕ್ಷಿಣ ಏಷ್ಯಾ ಸಾಹಿತ್ಯದ ಡಿ.ಎಸ್.ಸಿ. ಪ್ರಶಸ್ತಿ 2018ರ ಸಾಲಿಗೆ ಈ ಕೃತಿಗೆ ಸಂದಿತು. ಅನುವಾದಿತ ಕೃತಿಗೆ ಆ ಪ್ರಶಸ್ತಿ ಬಂದುದು ಅದೇ ಮೊದಲು.

ಕಾಯ್ಕಿಣಿಯವರ ಪಾತ್ರಗಳು ಒಂಟಿಗಳೇ. ‘ಕನ್ನಡಿ ಇಲ್ಲದ ಊರಲ್ಲಿ’ ಕಥೆಯ ನಡುವಯಸ್ಸಿನ ಅವಿವಾಹಿತನ ಬಾಗಿಲಿಗೆ ಅಪರಿಚಿತ ಮುದುಕನೊಬ್ಬ ತನ್ನ ಮಗಳ ಸಂಬಂಧದ ಪ್ರಸ್ತಾಪ ಹಿಡಿದು ಬರುತ್ತಾನೆ. ‘ಒಪೆರಾ ಹೌಸ್’ ಕಥೆಯ ಇಂದ್ರನೀಲ, ಮುಚ್ಚಲಿರುವ ಚಿತ್ರಮಂದಿರದಲ್ಲಿ ಕಸ ಗುಡಿಸುವವನು. ಕುರ್ಚಿಗಳ ಕೆಳಗೆ ಯಾರೋ ಮರೆತುಹೋದ ಫ್ಲಾಸ್ಕೊಂದು ಅವನಿಗೆ ಸಿಗುತ್ತದೆ. (ಚರ್ನಿ ರೋಡಿನ ಬಳಿಯ ರಾಯಲ್ ಒಪೆರಾ ಹೌಸ್ 1993ರಲ್ಲಿ ಮುಚ್ಚಿ 2016ರಲ್ಲಿ ಮತ್ತೆ ತೆರೆಯಿತು, ತೆರೆದ ಮೇಲೆ ನೋಡಿದವರಿಗೆ ಇಂದ್ರನೀಲನ ಪೊರಕೆ ನೆನಪಾದರೆ ಅದು ಕಥೆಯ ಗೆಲುವು.) ‘ನೋ ಪ್ರೆಸೆಂಟ್ಸ್ ಪ್ಲೀಸ್’ ಕಥೆಯ ಪೋಪಟ ಅನಾಥ, ಅವನೂ ಅಸಾವರಿಯೂ ತಮ್ಮ ಮದುವೆಯ ಕರೆಯೋಲೆಯನ್ನು ಕುರಿತು ಯೋಚಿಸುವಾಗ, ಅಡ್ಡಹೆಸರಿಲ್ಲದವನ ಹೆಸರನ್ನು ಅಚ್ಚಿನಲ್ಲಿ ಹೇಗೆ ಹಾಕಿಸುವುದೆಂಬ ತೊಡಕು ಎದುರಾಗುತ್ತದೆ. ಇಲ್ಲೆಲ್ಲ ಗಮನಿಸಬೇಕಾದದ್ದು, ನೆರವಾಗಲಿ ಬೆಚ್ಚನೆಯಾಗಲಿ ಬರುವ ದಿಕ್ಕು. ಅದು ನೆಂಟರಿಂದ ಬರುವುದಿಲ್ಲ. ಬಹುಪಾಲು ಹೆಸರು ಗೊತ್ತಿಲ್ಲದವರಿಂದ ಬರುತ್ತದೆ. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ 2005ರ ಜುಲೈ 26ರ ಪ್ರಳಯವನ್ನು ಕುರಿತ ‘ನೀರು’ ಕಥೆಯಲ್ಲಿ ಟ್ಯಾಕ್ಸಿಯೊಂದರಲ್ಲಿ ಸಿಕ್ಕಿಬಿದ್ದ ಅಪರಿಚಿತರು ಪರಸ್ಪರ ಆಸರೆಯಾಗುತ್ತಾರೆ. ಊರಿನವನು ಬೇಟೆಯಾಡುವ ಚಿತ್ತಾಲರ ಲೋಕವನ್ನೇ ಕಾಯ್ಕಿಣಿಯವರು ಅದರ ಇನ್ನೊಂದು ಬದಿಯಿಂದ ನೋಡಿದ್ದಾರೆ ಎಂಬುದು ನಮ್ಮ ಅನಿಸಿಕೆ. ವಂಶ, ಗೋತ್ರ, ಅಡ್ಡಹೆಸರುಗಳನ್ನು ಕೇಳದ ನಗರದಲ್ಲಿ ಒಂಟಿತನ ಸಹ್ಯವಾಗುತ್ತದೆ. ಕರೆಯೋಲೆ ಅಚ್ಚುಹಾಕಿಸಬೇಕಾದಾಗ ಮಾತ್ರ ಅದು ಚುಚ್ಚುತ್ತದೆ.

ಶಾಲೆಯ ಅಧ್ಯಾಪಕಿ ಇದನ್ನು ಒಪ್ಪಲಿಲ್ಲ. ಅಪರಿಚಿತರ ಈ ಬೆಚ್ಚಗಿನ ಮುಂಬಯಿಯನ್ನು ತಾವು ಕಥೆಯಲ್ಲಿ ಮಾತ್ರ ಕಂಡಿರುವುದಾಗಿ ಅವರು ಬರೆದರು. ಬಾಡಿಗೆ ಮನೆಗೆ ಹೋದಾಗ ಮೊದಲು ಕೇಳುವುದು ಅಡ್ಡಹೆಸರು, ಆಮೇಲೆ ಮೀನು ತಿನ್ನುವಿರೋ ಎಂದು, ಆಮೇಲೆ ಜೊತೆಗೆ ಯಜಮಾನರು ಇರುವರೋ ಎಂದು. ಕಾಯ್ಕಿಣಿಯವರ ಅಪರಿಚಿತರು ಹೆಚ್ಚಾಗಿ ರಸ್ತೆ, ಟ್ಯಾಕ್ಸಿ, ಚಿತ್ರಮಂದಿರಗಳಲ್ಲಿ ಎದುರಾಗುವವರು. ಮನೆಯ ಬಾಗಿಲಿಗೆ ಬಂದಾಗ ಇದೇ ಅಪರಿಚಿತರು ಏನಾಗುತ್ತಾರೆ ಎಂಬುದು ಅವರ ಪ್ರಶ್ನೆ. ಆಕ್ಷೇಪ ನ್ಯಾಯವಾದದ್ದೇ. ಈ ಕಥೆಗಳ ಮಾರ್ದವಕ್ಕೆ ಒಮ್ಮೊಮ್ಮೆ ಅತಿಯ ಸಿಹಿ ಬೆರೆಯುತ್ತದೆ; ಹೊರಗಿನ ಓದುಗರು ಅನುವಾದದಲ್ಲಿ ಮೆಚ್ಚಿಕೊಂಡದ್ದೂ ಈ ಮಾರ್ದವವನ್ನೇ ಹೆಚ್ಚಾಗಿ. ಆದರೆ ಮದುವೆಯ ಕರೆಯೋಲೆಯ ಕಥೆ ಇದಕ್ಕೆ ಅಪವಾದ. ಅಡ್ಡಹೆಸರು ಕೇಳುವ ಮುಂಬಯಿ ಅಲ್ಲಿ ಚೆನ್ನಾಗಿಯೇ ಗೋಚರಿಸುತ್ತದೆ.

ಗೃಹಿಣಿಯ ಎರಡು ಪುಟಗಳು ಎಲ್ಲಕ್ಕಿಂತ ಚಿಕ್ಕವು, ನಮ್ಮನ್ನು ಹೆಚ್ಚು ಕಾಡಿದವು. ‘ಶಿಕಾರಿ’ಯ ಹೆಂಗಸರು, ಡಯಾನಾ, ಥ್ರೀಟಿ, ರಾಣಿ, ನಾಗಪ್ಪನ ಒಂಟಿತನಕ್ಕೆ ಭೇಟಿಕೊಟ್ಟು ಹೋಗುವವರು, ಅವರ ಒಂಟಿತನವನ್ನು ನೋಡಲು ಯಾರೂ ಹೋಗುವುದಿಲ್ಲ ಎಂದು ಅವರು ಮೊದಲಿಗೇ ಬರೆದಿದ್ದರು. ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಮುಂದಿನ ಭಾಗ ಸಾಹಿತ್ಯ ವಿಮರ್ಶೆಯೇ ಅಲ್ಲವೆಂದು ಕೆಲವರು ತಳ್ಳಿಹಾಕಬಹುದು. ಡೊಂಬಿವಿಲಿಯಿಂದ ರೈಲಿನ ಮಹಿಳೆಯರ ಡಬ್ಬಿಯಲ್ಲಿ ಬರುವಾಗ ಅವರು ಕನ್ನಡ ಪುಸ್ತಕ ತೆರೆಯುತ್ತಾರೆ. ಭುಜಕ್ಕೆ ಭುಜ ತಾಗಿದ ಗುಂಪು. ಮೊಬೈಲಿನಲ್ಲಿ ಬಂದ ಸಂದೇಶವನ್ನು ಪಕ್ಕದವರು ಸಲೀಸಾಗಿ ಓದಿಬಿಡುತ್ತಾರೆ. ಕನ್ನಡ ಪುಟವನ್ನು ಮಾತ್ರ ಯಾರೂ ಓದಲಾರರು. ಮನೆಯಲ್ಲಿ ಮಕ್ಕಳಿಗೆ ಆ ಲಿಪಿ ಬರುವುದಿಲ್ಲ, ಯಜಮಾನರಿಗೆ ಬೇಕಿಲ್ಲ. ಮುಂಬಯಿಯಲ್ಲಿ ತಮಗೆ ಸಿಕ್ಕಿರುವ ಏಕಾಂತವೆಂದರೆ ಈ ಲಿಪಿ. ಓದಿ ಮುಗಿಸಿದ ಮೇಲೆ ಅದನ್ನು ಹೇಳಿಕೊಳ್ಳಲು ಯಾರೂ ಇಲ್ಲದಿರುವುದು ಒಂಟಿತನ.

ಈ ಮಾತು ನಮಗೆ ಹೊಸದು. ಚಿತ್ತಾಲ, ಕಾಯ್ಕಿಣಿ ಇಬ್ಬರ ಮನೆಮಾತೂ ಕೊಂಕಣಿ. ಕಚೇರಿಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಹಿಂದಿ ಮರಾಠಿ ಆಡುತ್ತ, ಮನೆಯಲ್ಲಿ ಕೊಂಕಣಿಯಾಡುತ್ತ, ಇಬ್ಬರೂ ಬರೆದದ್ದು ಸುತ್ತಲಿನವರಲ್ಲಿ ಬಹುಮಂದಿಗೆ ಓದಲು ಬಾರದ ಲಿಪಿಯಲ್ಲಿ. ಹಾಗಾದರೆ ಕನ್ನಡವು ಈ ಬರಹಗಾರರಿಗೆ ಅಭಿವ್ಯಕ್ತಿಯ ಮಾಧ್ಯಮ ಮಾತ್ರವಾಗಿತ್ತೇ, ಅಥವಾ ಖೋಲಿಯಲ್ಲಿ ಸಿಗದ ಒಳಕೋಣೆಯೂ ಆಗಿತ್ತೇ? ಮುಂಬಯಿಯ ಕನ್ನಡ ಗದ್ಯದ ಆತ್ಮಾಲೋಚನೆಯ ಗುಣ, ನಾಗಪ್ಪ ತನ್ನೊಡನೆ ತಾನು ಆಡಿಕೊಳ್ಳುವ ಕೊನೆಯಿಲ್ಲದ ಮಾತು, ಇವುಗಳ ಮೂಲವನ್ನು ನಾವು ಅಸ್ತಿತ್ವವಾದದಲ್ಲಿ ಹುಡುಕಿದೆವು. ಯಾರೂ ಕದ್ದುಕೇಳಲಾರದ ಭಾಷೆಯಲ್ಲಿ ಯೋಚಿಸುವವನ ಸಲುಗೆಯೂ ಅದರಲ್ಲಿ ಇರಬಾರದೇಕೆ? ಧಾರವಾಡ ಅಥವಾ ಮೈಸೂರಿನಲ್ಲಿ ಕುಳಿತು ಬರೆದವರಿಗೆ ಈ ಸಲುಗೆ ಇಲ್ಲ. ಅಲ್ಲಿ ಪಕ್ಕದವನು ಪುಟ ಓದಿಯಾನು.

ಇದರಲ್ಲಿ ಒಂದು ಅಪಾಯವನ್ನೂ ಕಾಣದೆ ಇರುವಂತಿಲ್ಲ. ಓದುಗರೇ ಇಲ್ಲದಾದಾಗ ಏಕಾಂತವೆಂಬ ಮಾತಿಗೆ ಅರ್ಥ ಉಳಿಯದು. ರಾತ್ರಿಶಾಲೆಗಳ ಕಾಲ ಬಹುಮಟ್ಟಿಗೆ ಮುಗಿದಿದೆ, ಮಹಾನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಮೆಯಾಗಿದ್ದಾರೆ, ಹೋಟೆಲುಗಳಲ್ಲಿ ಈಗ ದುಡಿಯುವ ಹುಡುಗರಲ್ಲಿ ಬಹಳಷ್ಟು ಮಂದಿ ಉತ್ತರದ ಕಡೆಯವರು. ನಮ್ಮೊಡನೆ ಓದಿದ ಎಂಟು ಹತ್ತು ಮಂದಿಯಲ್ಲಿ ತಮ್ಮ ಮಕ್ಕಳು ಈ ಪುಸ್ತಕಗಳನ್ನು ಕನ್ನಡದಲ್ಲಿ ಓದಿಯಾರೆಂದು ಹೇಳಿದವರು ಒಬ್ಬರೂ ಇಲ್ಲ. ಅವರಿಗೆ ಕಾಯ್ಕಿಣಿ ಸಿಗುವುದು ಇಂಗ್ಲಿಷಿನಲ್ಲಿ, ಸಿಕ್ಕರೆ. ಆಗ ಪಕ್ಕದವರೂ ಓದುತ್ತಾರೆ.

ನಾವು ಮುಂದಿಟ್ಟಿರುವ ಓದು ಇಬ್ಬರು ಪ್ರಸಿದ್ಧ ಲೇಖಕರ ಆಧಾರದ ಮೇಲೆ ನಿಂತಿದೆ. ಅದು ನಿಲ್ಲುವುದೋ ಬೀಳುವುದೋ ಎಂಬುದನ್ನು ಬೇರೆಡೆ ಪರೀಕ್ಷಿಸಬೇಕು. ‘ಮೊಗವೀರ’ದಂಥ ಮುಂಬಯಿಯ ಮಾಸಪತ್ರಿಕೆಗಳಲ್ಲಿ, ‘ಕರ್ನಾಟಕ ಮಲ್ಲ’ದಂಥ ದೈನಿಕದ ಪುಟಗಳಲ್ಲಿ ಕೆಲಸದ ನಡುವೆ ಬಿಡುವು ಮಾಡಿಕೊಂಡು ಬರೆದವರ ಬರಹಗಳು ಹರಡಿಕೊಂಡಿವೆ. ಅವುಗಳಲ್ಲಿ ಊರಿನವನು ಬಂಧುವೋ ಬೇಟೆಗಾರನೋ, ಅಪರಿಚಿತನು ಆಸರೆಯೋ ಅಲ್ಲವೋ, ಹೆಂಗಸರ ಖೋಲಿಗೆ ಯಾರಾದರೂ ಹೋದರೋ ಇಲ್ಲವೋ ನೋಡಬೇಕಾಗಿದೆ. ಗಲ್ಲಾದವರು ತಮ್ಮ ಮಾವನವರಲ್ಲಿ ಹಳೆಯ ಸಂಚಿಕೆಗಳ ಕಟ್ಟೊಂದು ಇದೆಯೆಂದೂ, ಊರಿಗೆ ಹೋದಾಗ ತರುವುದಾಗಿಯೂ ಹೇಳಿದ್ದಾರೆ.